ನಿಮಗಿದು ಗೊತ್ತೇ? ಹಲ್ಲು, ಗೊರಸು, ಹಿಕ್ಕೆ

ದನಕುರಿ ಮೇಯಿಸಿದರೆ ನೆಲ ಹಸನಾಗುತ್ತದೋ, ಹಾಳಾಗುತ್ತದೋ? ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಕೊಡುವವರನ್ನು ಸುಲಭಕ್ಕೆ ನಂಬಬೇಡಿ. ಅದೇ ಹಸು ಒಂದು ಕಡೆ ಮಣ್ಣನ್ನು ಕಟ್ಟುತ್ತದೆ, ಇನ್ನೊಂದು ಕಡೆ ಕೆಡವುತ್ತದೆ. ನೆಲದ ಮೇಲೆ ಅದು ಬಳಸುವ ಹತಾರಗಳು ಮೂರೇ: ಹಲ್ಲು, ಗೊರಸು, ಸಗಣಿ. ನಾಲ್ಕನೆಯದು ಕಾಯುವವನ ಕೈಯಲ್ಲಿದೆ. ಎಷ್ಟು ಹೊತ್ತು ನಿಲ್ಲಿಸಬೇಕು, ಯಾವಾಗ ಹೊರಡಿಸಬೇಕು, ಎಷ್ಟು ದಿನ ಬಿಟ್ಟು ಮತ್ತೆ ಬರಬೇಕು ಎಂಬ ಲೆಕ್ಕವೇ ಅದು. ಕೆಳಗಿನ ಸಂಗತಿಗಳಲ್ಲಿ ಬಹುಪಾಲು ಕೊನೆಗೆ ಬಂದು ನಿಲ್ಲುವುದು ಈ ಲೆಕ್ಕದ ಬಳಿಯೇ.

ಹಲ್ಲಿನ ಲೆಕ್ಕ

1. ಹುಲ್ಲಿನ ಎಲೆ ಬೆಳೆಯುವುದು ಬುಡದಿಂದ. ಬೇರೆ ಎಷ್ಟೋ ಗಿಡಗಳ ಚಿಗುರು ನೆತ್ತಿಯಲ್ಲಿರುತ್ತದೆ. ಅದನ್ನು ಕಚ್ಚಿದರೆ ಆ ಕೊಂಬೆಯ ಓಟ ಅಲ್ಲಿಗೇ ನಿಂತಿತು. ಹುಲ್ಲು ಮಾತ್ರ ಬೆಳೆಯುವ ಕಣ್ಣನ್ನು ನೆಲಕ್ಕಂಟಿಸಿ ಬಚ್ಚಿಟ್ಟುಕೊಂಡಿರುತ್ತದೆ. ದನ ಮೇದುಹೋದ ವಾರದೊಳಗೆ ಗರಿಕೆ ಮತ್ತೆ ತಲೆಯೆತ್ತುವುದು ಇದರಿಂದಲೇ.

2. ಹಸುವಿನ ಬಾಯಿಗೂ ಕುರಿಯ ಬಾಯಿಗೂ ಬಹಳ ಅಂತರವಿದೆ. ಹಸು ನಾಲಗೆಯಿಂದ ಹುಲ್ಲನ್ನು ಸುತ್ತಿ ಎಳೆಯುತ್ತದೆ, ಹಾಗಾಗಿ ತೀರಾ ಗಿಡ್ಡ ಹುಲ್ಲು ಅದಕ್ಕೆ ಸಿಗುವುದಿಲ್ಲ. ಕುರಿ ತುಟಿ ಮತ್ತು ಹಲ್ಲಿನಿಂದ ಬುಡದವರೆಗೂ ಕತ್ತರಿಸಬಲ್ಲದು. ದನ ಮೇದು ಬಿಟ್ಟ ಬಯಲಿನಲ್ಲೂ ಕುರಿಗೆ ಒಂದು ಹೊತ್ತಿನ ಊಟ ಉಳಿದಿರುತ್ತದೆ. ಆಡಿನ ಕಣ್ಣೇನಿದ್ದರೂ ಪೊದೆಯ ಮೇಲೆ.

3. ಎಲೆಯನ್ನು ಅರ್ಧ ತಿಂದು ಅರ್ಧ ಬಿಟ್ಟರೆ ಬೇರಿಗೆ ಹೆಚ್ಚಿನ ತೊಂದರೆಯಿಲ್ಲ. 1955ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಎಫ್. ಜೆ. ಕ್ರೈಡರ್, ಹುಲ್ಲನ್ನು ಬೇರೆ ಬೇರೆ ಪ್ರಮಾಣದಲ್ಲಿ ಕತ್ತರಿಸಿ ಬೇರು ಏನು ಮಾಡುತ್ತದೆಂದು ನೋಡಿದ ವರದಿ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಎಲೆ ಹೋದ ಕೂಡಲೇ ಬೇರಿನ ಬೆಳವಣಿಗೆ ಕುಂಟತೊಡಗಿತು. ಬಹುಪಾಲು ಎಲೆ ಹೋದಾಗ ದಿನಗಟ್ಟಲೆ ನಿಂತೇಹೋಯಿತು. ಮೇಲೆ ಹುಲ್ಲು ಕಡಿಮೆಯಾದದ್ದು ಕಣ್ಣಿಗೆ ಕಾಣುತ್ತದೆ, ಕೆಳಗೆ ಬೇರು ಮೋಟಾದದ್ದು ಕಾಣುವುದಿಲ್ಲ. ಮುಂದಿನ ಬರಗಾಲ ಬಂದಾಗಷ್ಟೇ ಅದು ತಿಳಿಯುತ್ತದೆ.

4. ಹುಲ್ಲಿಗೆ ಹೆಚ್ಚು ಪೆಟ್ಟಾಗುವುದು ಎರಡನೆಯ ಕಚ್ಚಿಗೆ. ಮೊದಲ ಸಲ ಮೇದಾಗ ಹುಲ್ಲು ಬೇರಿನಲ್ಲೂ ಬುಡದಲ್ಲೂ ಕೂಡಿಟ್ಟ ಗಂಟನ್ನು ಬಿಚ್ಚಿ ಹೊಸ ಎಲೆ ಹೊರಡಿಸುತ್ತದೆ. ಆ ಎಳೆ ಎಲೆ ದುಡಿದು ಖರ್ಚು ತುಂಬಿಸುವ ಮೊದಲೇ ಮತ್ತೆ ಬಾಯಿ ಹಾಕಿದರೆ ಹುಲ್ಲು ಸಾಲಕ್ಕೆ ಬಿದ್ದಂತೆ. ಫ್ರಾನ್ಸಿನ ನಾರ್ಮಂಡಿಯ ಆಂದ್ರೆ ವಾಸಾಂ 1950ರ ದಶಕದಲ್ಲಿ ತಮ್ಮ ಹಸುಗಳನ್ನು ಗಮನಿಸಿ ಬರೆದದ್ದು ಇದನ್ನೇ: ದನ ಎಷ್ಟು ಎಂಬುದರಷ್ಟೇ ಮುಖ್ಯ, ಒಂದು ತುಂಡು ನೆಲದಲ್ಲಿ ಅವು ಎಷ್ಟು ದಿನ ಇದ್ದವು ಎಂಬುದು. 

5. ಮರದ ಇಂಗಾಲದಲ್ಲಿ ದೊಡ್ಡ ಪಾಲು ನೆಲದ ಮೇಲಿದ್ದರೆ, ಹುಲ್ಲುಗಾವಲಿನ ಇಂಗಾಲದಲ್ಲಿ ಬಹುಪಾಲು ನೆಲದೊಳಗೆ, ಬೇರಿನಲ್ಲೂ ಮಣ್ಣಿನಲ್ಲೂ ಇರುತ್ತದೆ. ಬೆಂಕಿ ಬಿದ್ದರೆ ಕಾಡು ಕಳೆದುಕೊಳ್ಳುವಷ್ಟನ್ನು ಹುಲ್ಲುಗಾವಲು ಕಳೆದುಕೊಳ್ಳುವುದಿಲ್ಲ. ಅದಕ್ಕೆ ನಿಜವಾದ ಅಪಾಯ ನೇಗಿಲಿನಿಂದ, ಮತ್ತು ಬೇರು ಸೊರಗುವಷ್ಟು ಮೇಯಿಸುವುದರಿಂದ.

6. ಗೋಮಾಳದ ಆರೋಗ್ಯ ತಿಳಿಯಲು ದನ ತಿಂದದ್ದನ್ನು ನೋಡುವುದಕ್ಕಿಂತ, ತಿನ್ನದೆ ಬಿಟ್ಟದ್ದನ್ನು ನೋಡುವುದು ಮೇಲು. ರುಚಿಯಾದ ಹುಲ್ಲು ಮೊದಲು ಮಾಯವಾಗುತ್ತದೆ. ಬಾಯಿಗೆ ಹಿತವಿಲ್ಲದ್ದು ತೆರವಾದ ಜಾಗಕ್ಕೆ ಹರಡುತ್ತದೆ. ಬಯಲುಸೀಮೆಯ ಊರಾಚೆ ತಂಗಡಿ, ಎಕ್ಕ, ಲಂಟಾನ, ಪಾರ್ಥೇನಿಯಂ ತುಂಬಿಕೊಂಡಿವೆ ಎಂದರೆ ಆ ನೆಲದ ಮೇಲೆ ಬಹಳ ಕಾಲದಿಂದ ಬಿಡುವಿಲ್ಲದೆ ಬಾಯಿ ಆಡಿದೆ ಎಂದು ಸಂಶಯಪಡಬಹುದು.

ಗೊರಸಿನ ಲೆಕ್ಕ

7. ನಿಂತ ಹಸು ನೆಲದ ಮೇಲೆ ಹಾಕುವ ಒತ್ತಡ, ಅಂಗುಲಕ್ಕೆ ಅಂಗುಲ ಅಳೆದರೆ, ಟ್ರ್ಯಾಕ್ಟರ್ ಚಕ್ರದ ಒತ್ತಡಕ್ಕೆ ಸಮ; ಕೆಲವೊಮ್ಮೆ ಅದಕ್ಕಿಂತ ಹೆಚ್ಚು. ಇಡೀ ಮೈಭಾರ ನಾಲ್ಕು ಸಣ್ಣ ಗೊರಸುಗಳ ಮೇಲೆ ಕೂತಿರುತ್ತದಲ್ಲ! ನಡೆಯುವಾಗ ಒಂದೆರಡು ಕಾಲು ಮೇಲಿರುವುದರಿಂದ ಒತ್ತಡ ಇನ್ನೂ ಏರುತ್ತದೆ. ಸಮಾಧಾನದ ಸಂಗತಿಯೆಂದರೆ, ಗೊರಸಿನ ಪೆಟ್ಟು ಹೆಚ್ಚಾಗಿ ಮೇಲಿನ ಮೂರು ನಾಲ್ಕು ಅಂಗುಲಕ್ಕೇ ನಿಲ್ಲುತ್ತದೆ. ಭಾರಿ ಯಂತ್ರದ ಪೆಟ್ಟು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ.

8. ಗೊರಸಿಗೆ ಮಣ್ಣು ಸೋಲುವುದು ಒದ್ದೆಯಿದ್ದಾಗ. ಒಣಗಿದ ಮಣ್ಣಿನ ಕಣಗಳು ಒಂದಕ್ಕೊಂದು ಆತುಕೊಂಡು ಭಾರ ಹೊರುತ್ತವೆ. ನೀರುಂಡ ಮಣ್ಣಿನಲ್ಲಿ ಕಣಗಳು ಜಾರಿ, ನಡುವಿನ ಗಾಳಿಯ ಸಂದುಗಳು ಮುಚ್ಚಿಹೋಗುತ್ತವೆ. ಎರೆಭೂಮಿಯಲ್ಲಿ ಮಳೆ ಬಿದ್ದ ದಿನ ದನ ಇಳಿಸಬಾರದು ಎಂದು ಹಿರಿಯರು ಗದರುತ್ತಿದ್ದುದರ ಹಿಂದೆ ಇರುವುದು ಈ ಭೌತಶಾಸ್ತ್ರ.

9. ದಪ್ಪ ಮಳೆಹನಿ ನೆಲಕ್ಕೆ ಬಡಿಯುವ ವೇಗ ಸೆಕೆಂಡಿಗೆ ಸುಮಾರು 9 ಮೀಟರ್, ಅಂದರೆ ಗಂಟೆಗೆ 30 ಕಿಲೋಮೀಟರಿಗೂ ಮೇಲೆ. ಹುಲ್ಲಿದ್ದರೆ ಆ ಪೆಟ್ಟು ಎಲೆಯ ಮೇಲೆ. ಇಲ್ಲದಿದ್ದರೆ ಮಣ್ಣಿನ ಹೆಂಟೆ ಒಡೆದು, ಸಣ್ಣ ಕಣಗಳು ಸಂದುಗಳನ್ನು ಮುಚ್ಚಿ, ಮೇಲೆ ಹಪ್ಪಳದಂಥ ಪದರ ಕಟ್ಟುತ್ತದೆ. ಮುಂದಿನ ಮಳೆ ಇಳಿಯದೆ ಹರಿದುಹೋಗುತ್ತದೆ. ದನ ಒಂದಿಷ್ಟು ಒಣಹುಲ್ಲನ್ನು ತಿನ್ನದೆ ತುಳಿದು ನೆಲಕ್ಕೆ ಒರಗಿಸಿದ್ದರೆ ಅದು ದಂಡವಲ್ಲ, ಮಣ್ಣಿಗೆ ಹೊದಿಕೆ.

10. ಮರುಭೂಮಿಯ ಬರಿನೆಲ ಎಂದು ನಾವು ತಿಳಿಯುವುದು ಎಷ್ಟೋ ಕಡೆ ಬರಿನೆಲವೇ ಆಗಿರುವುದಿಲ್ಲ. ಸಯನೋಬ್ಯಾಕ್ಟೀರಿಯಾ, ಕಲ್ಲುಹೂವು, ಪಾಚಿಗಳು ಸೇರಿ ಮಣ್ಣಿನ ಮೇಲೆ ಜೀವಂತ ಸಿಪ್ಪೆ ಕಟ್ಟಿರುತ್ತವೆ. ಭೂಮಿಯ ನೆಲಭಾಗದ ಸುಮಾರು ನೂರಕ್ಕೆ 12ರಷ್ಟನ್ನು ಇಂಥ ಸಿಪ್ಪೆ ಹೊದ್ದಿದೆ ಎಂಬ ಅಂದಾಜಿದೆ. ಅದು ಗಾಳಿಗೆ ಮಣ್ಣು ಹಾರದಂತೆ ಹಿಡಿಯುತ್ತದೆ, ಸಾರಜನಕವನ್ನೂ ಕೂಡಿಸುತ್ತದೆ. ಅಮೆರಿಕದ ಯೂಟಾ ಸೀಮೆಯಲ್ಲಿ ಒಂದು ಹೆಜ್ಜೆಗೆ ಪುಡಿಯಾದ ಸಿಪ್ಪೆ ಮತ್ತೆ ಕೂಡಿಕೊಳ್ಳಲು ವರ್ಷಗಳು, ಕೆಲವು ಕಡೆ ದಶಕಗಳೇ ಬೇಕು. ಇಂಥ ನೆಲ ದನಗಳ ಮಂದೆಗಾಗಿ ಹುಟ್ಟಿದ್ದಲ್ಲ.

11. ಸೈಬೀರಿಯದಲ್ಲಿ ಗೊರಸಿನ ತುಳಿತ ಮಣ್ಣನ್ನು ತಣ್ಣಗಿಡುತ್ತದೆ. ಹಿಮದ ಹೊದಿಕೆ ಕಂಬಳಿಯಂತೆ. ಅದರಡಿಯ ನೆಲ ಚಳಿಗಾಲದಲ್ಲೂ ಬೆಚ್ಚಗಿರುತ್ತದೆ. ಕುದುರೆ, ಬೈಸನ್, ಹಿಮಸಾರಂಗಗಳು ಹುಲ್ಲಿಗಾಗಿ ಹಿಮವನ್ನು ಕೆದರಿ ತುಳಿದಾಗ ಕಂಬಳಿ ತೆಳ್ಳಗಾಗಿ ಚಳಿ ಒಳಗಿಳಿಯುತ್ತದೆ. ಹೆಪ್ಪುಗಟ್ಟಿದ ಮಣ್ಣು ಕರಗದಂತೆ ಇದರಿಂದ ತಡೆಯಬಹುದೇ ಎಂದು ನೋಡಲು ರಷ್ಯಾದ ವಿಜ್ಞಾನಿ ಸೆರ್ಗೆಯ್ ಜಿಮೊವ್ 1996ರಲ್ಲಿ ಯಾಕುತಿಯಾದಲ್ಲಿ 'ಪ್ಲೈಸ್ಟೊಸೀನ್ ಪಾರ್ಕ್' ಶುರುಮಾಡಿದರು.

12. ಅಮೆರಿಕದ ಬೈಸನ್ ದೂಳಿನಲ್ಲಿ ಹೊರಳಾಡಿ ಮಾಡಿದ ತಗ್ಗುಗಳಲ್ಲಿ ಮಣ್ಣು ಗಟ್ಟಿಯಾಗಿ ಮಳೆನೀರು ನಿಲ್ಲುತ್ತದೆ. ಬೈಸನ್ ಹೋಗಿ ಎಷ್ಟೋ ಕಾಲವಾದ ಬಯಲಿನಲ್ಲೂ ಆ ತಗ್ಗುಗಳನ್ನು ಗುರುತಿಸಬಹುದು. ಮಳೆಗಾಲದಲ್ಲಿ ಅಲ್ಲಿ ಕಪ್ಪೆಗಳ ಸಂಸಾರ.

ಸಗಣಿ, ಗಂಜಲ, ಹಿಕ್ಕೆ

13. ಮೇದ ಸಾರಜನಕದಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಸಗಣಿ ಗಂಜಲದ ರೂಪದಲ್ಲಿ ಹೊರಬೀಳುತ್ತದೆ. ತೊಡಕಿರುವುದು ಎಲ್ಲಿ ಬೀಳುತ್ತದೆ ಎಂಬುದರಲ್ಲಿ. ಇಡೀ ಬಯಲಿನಲ್ಲಿ ತಿಂದು ಮರದ ನೆರಳಿನಲ್ಲಿ, ನೀರಿನ ತೊಟ್ಟಿಯ ಬಳಿ, ಕೊಟ್ಟಿಗೆಯಲ್ಲಿ ಹಾಕಿದರೆ ಬಯಲು ಬಡವಾಗುತ್ತ, ನೆರಳು ಸಿರಿವಂತವಾಗುತ್ತ ಹೋಗುತ್ತದೆ.

14. ದೊಡ್ಡ ಹಸು ಒಮ್ಮೆ ಗಂಜಲ ಹೊಯ್ದ ಜಾಗಕ್ಕೆ ಬೀಳುವ ಸಾರಜನಕವನ್ನು ಎಕರೆಯ ಲೆಕ್ಕಕ್ಕೆ ತಂದರೆ 200ರಿಂದ 400 ಕಿಲೋಗ್ರಾಂ ಆಗುತ್ತದೆ. ಯಾವ ರೈತನೂ ಒಂದೇ ಸಲಕ್ಕೆ ಅಷ್ಟು ಯೂರಿಯಾ ಹಾಕುವುದಿಲ್ಲ. ಅಷ್ಟನ್ನು ಬೇರು ಹೀರಲಾರದು. ಒಂದು ಪಾಲು ಅಮೋನಿಯವಾಗಿ ಹಾರುತ್ತದೆ, ಇನ್ನೊಂದು ಪಾಲು ನೀರಿನೊಂದಿಗೆ ಇಳಿದುಹೋಗುತ್ತದೆ.

15. ಗೊಬ್ಬರ ಬೇಕಾದ ಕಡೆ ಬೀಳದ ಈ ತೊಡಕಿಗೆ ನಮ್ಮ ಕುರಿಗಾಹಿಗಳು ಹಿಂದೆಯೇ ಕಂಡುಕೊಂಡ ದಾರಿ ಕುರಿ ತರುಬುವುದು. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಮರುರಾತ್ರಿ ಪಕ್ಕದ ತುಂಡು, ಅದರ ಮರುರಾತ್ರಿ ಅದರಾಚೆಯದು. ತಿಪ್ಪೆಗೊಬ್ಬರದಲ್ಲಿ ಗಂಜಲದ ದೊಡ್ಡ ಪಾಲು ಹೊಲ ಸೇರುವ ಮೊದಲೇ ಹಾಳಾಗುತ್ತದೆ. ತರುಬಿದ ಹೊಲದಲ್ಲಿ ಹಿಕ್ಕೆಯೂ ಗಂಜಲವೂ ನೇರ ಮಣ್ಣಿಗೆ ಬೀಳುತ್ತವೆ, ಗೊರಸು ಅವನ್ನು ಮಣ್ಣಿನೊಳಗೆ ತುಳಿದು ಕೂರಿಸುತ್ತದೆ. ಹೊಲದವರು ಇದಕ್ಕಾಗಿ ಕುರಿಗಾಹಿಗೆ ಕಾಳು ಇಲ್ಲವೇ ಹಣ ಕೊಡುತ್ತಾರೆ. ಹಗಲು ಬಯಲಿನಲ್ಲಿ ತಿಂದದ್ದು ರಾತ್ರಿ ಹೊಲ ಸೇರುವ ಈ ವ್ಯಾಪಾರದಲ್ಲಿ ಬಯಲಿಗೆ ಬರುವುದು ಕಡಿಮೆ ಎಂಬುದೂ ನಿಜ. ಮಂದೆ ಒಂದೇ ಬಯಲಿನಲ್ಲಿ ಬೀಡುಬಿಡದೆ ನಡೆಯುತ್ತಲೇ ಇದ್ದರೆ ಮಾತ್ರ ಆ ಲೆಕ್ಕ ಸರಿಹೋಗುತ್ತದೆ.

16. ದೊಡ್ಡಿಯ ಋಣ ಸಾವಿರಾರು ವರ್ಷ ಉಳಿಯುತ್ತದೆ. ಕೀನ್ಯಾದ ನಾರೊಕ್ ಸೀಮೆಯಲ್ಲಿ ಸವನ್ನದ ನಡುವೆ ಹುಲ್ಲು ಸೊಂಪಾಗಿ ಬೆಳೆದ ದುಂಡು ಜಾಗಗಳಿವೆ. ಅಗೆದು ನೋಡಿದರೆ ಅವು ಹಿಂದಿನ ದನಗಾಹಿಗಳು ರಾತ್ರಿ ದನ ಕೂಡುತ್ತಿದ್ದ ದೊಡ್ಡಿಗಳು. ಕೆಲವು 3000 ವರ್ಷಕ್ಕೂ ಹಳೆಯವು ಎಂದು 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರಂಜಕ, ಸುಣ್ಣದ ಅಂಶ ಅಲ್ಲಿ ಇನ್ನೂ ಹೆಚ್ಚಿದ್ದು, ಕಾಡುಪ್ರಾಣಿಗಳು ಅಲ್ಲಿಗೇ ಮೇಯಲು ಬರುತ್ತವೆ, ಬಂದು ಮತ್ತೆ ಗೊಬ್ಬರ ಹಾಕುತ್ತವೆ.

17. ಕೀನ್ಯಾದ ದೊಡ್ಡಿಗಳಿಗೆ ಹತ್ತಿರದ ನೆಂಟರು ನಮ್ಮಲ್ಲೂ ಇದ್ದಾರೆ. ಬಳ್ಳಾರಿ ಹತ್ತಿರದ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ ಮುಂತಾದ ಕಡೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳ ಸಗಣಿ ರಾಶಿ ಬೆಂದು ಉಳಿದ ಬೂದಿ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಜಾಗವೆಂದು ಜನ ತೋರಿಸುತ್ತಾರೆ. ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ 1963ರಲ್ಲಿ ಈ ದನಗಾಹಿಗಳ ಮೇಲೆ ಪುಸ್ತಕವನ್ನೇ ಬರೆದರು, ಬೂದಿಹಾಳದಲ್ಲಿ ಕೆ. ಪದ್ದಯ್ಯ ಉತ್ಖನನ ನಡೆಸಿದರು. ಎಷ್ಟೋ ದಿಬ್ಬಗಳು ಈಗ ಕರಗಿಹೋಗಿವೆ. ರೈತರು ಆ ಬೂದಿಯನ್ನು ಗೊಬ್ಬರಕ್ಕೆಂದು ಹೊಲಗಳಿಗೆ ಹೊತ್ತರು. ನಾಲ್ಕು ಸಾವಿರ ವರ್ಷದ ಹಿಂದಿನ ದನ ಇಂದಿನ ಜೋಳಕ್ಕೆ ಗೊಬ್ಬರ ಹಾಕಿದಂತಾಯಿತು.

18. ಆಸ್ಟ್ರೇಲಿಯ ಒಂದು ಕಾಲದಲ್ಲಿ ಸಗಣಿಯಲ್ಲಿ ಮುಳುಗುವುದರಲ್ಲಿತ್ತು. ಅಲ್ಲಿನ ಸಗಣಿಹುಳುಗಳಿಗೆ ಕಾಂಗರೂಗಳ ಒಣ ಹಿಕ್ಕೆ ಅಭ್ಯಾಸ. 1788ರಲ್ಲಿ ಹಡಗಿನಲ್ಲಿ ಬಂದಿಳಿದ ದನಗಳ ತೇವದ ಸಗಣಿ ಅವುಗಳಲ್ಲಿ ಹೆಚ್ಚಿನವಕ್ಕೆ ಹಿಡಿಸಲಿಲ್ಲ. ಸಗಣಿ ತಿಂಗಳುಗಟ್ಟಲೆ ಹಪ್ಪಳದಂತೆ ಒಣಗಿ ಬಿದ್ದಿರುತ್ತಿತ್ತು. ಅದರಡಿ ಹುಲ್ಲು ಬೆಳೆಯದು, ಮೇಲೆ ನೊಣಗಳ ಜಾತ್ರೆ. ಹಂಗೆರಿ ಮೂಲದ ಕೀಟವಿಜ್ಞಾನಿ ಜಾರ್ಜ್ ಬೋರ್ನೆಮಿಸ್ಸಾ ಅವರ ಸಲಹೆಯಂತೆ 1965ರಿಂದ 1985ರವರೆಗೆ ಆಫ್ರಿಕಾ, ಯೂರೋಪುಗಳಿಂದ ಸಗಣಿಹುಳುಗಳನ್ನು ತಂದು ಬಿಟ್ಟರು. ಬಿಟ್ಟವು ನಲವತ್ತಕ್ಕೂ ಹೆಚ್ಚು ಬಗೆ, ನೆಲೆನಿಂತವು ಇಪ್ಪತ್ತಮೂರು.

19. ಸಗಣಿಹುಳು ಸಗಣಿಯನ್ನು ಹೂಳುವಾಗ ಮೂರು ಕೆಲಸ ಒಟ್ಟಿಗೆ ಆಗುತ್ತವೆ: ಗೊಬ್ಬರ ಬೇರಿನ ಬಳಿ ಇಳಿಯುತ್ತದೆ, ಅದರ ಬಿಲ ಮಳೆನೀರಿಗೆ ದಾರಿಯಾಗುತ್ತದೆ, ನೊಣದ ಮರಿಗಳಿಗೆ ಮನೆಯಿಲ್ಲವಾಗುತ್ತದೆ. ದಕ್ಷಿಣ ಆಫ್ರಿಕಾದ ಒಂದು ಬಗೆಯ ಸಗಣಿಹುಳು ರಾತ್ರಿ ಉಂಡೆ ಉರುಳಿಸುವಾಗ ದಿಕ್ಕು ಹಿಡಿಯುವುದು ಆಕಾಶಗಂಗೆಯ ಬೆಳಕಿನಿಂದ ಎಂದು 2013ರಲ್ಲಿ ತಿಳಿದುಬಂತು.

20. ದನಕ್ಕೆ ಕೊಟ್ಟ ಔಷಧ ದನದಲ್ಲೇ ಮುಗಿಯುವುದಿಲ್ಲ. ಜಂತುಹುಳು ಮತ್ತು ಉಣ್ಣೆಗಳಿಗೆ ಕೊಡುವ ಐವರ್‌ಮೆಕ್ಟಿನ್ ಸಗಣಿಯಲ್ಲಿ ಉಳಿದು ಸಗಣಿಹುಳುಗಳ ಮರಿಗಳನ್ನು ಕೊಲ್ಲಬಲ್ಲದು. ಟೆಟ್ರಾಸೈಕ್ಲಿನ್‌ನಂಥ ಆಂಟಿಬಯಾಟಿಕ್‌ಗಳು ಮಣ್ಣಿನ ಸೂಕ್ಷ್ಮಜೀವಿಗಳ ಕೆಲಸವನ್ನೇ ಬದಲಿಸುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಹಿಮಾಲಯದ ಸ್ಪಿತಿಯಲ್ಲಿ ಹೋಲಿಸಿ ನೋಡಿದಾಗ, ಸಾಕುಪ್ರಾಣಿ ಮೇಯುವ ಮಣ್ಣಿನಲ್ಲಿ ಕಾಡುಪ್ರಾಣಿ ಮೇಯುವ ಮಣ್ಣಿಗಿಂತ ಇಂಗಾಲ ಕಡಿಮೆ ನಿಲ್ಲುತ್ತಿತ್ತು. ಅದರ ಹಿಂದೆ ಇಂಥ ಆಂಟಿಬಯಾಟಿಕ್‌ಗಳ ಪಾತ್ರವಿದೆ ಎಂದು ತಂಡ ಗುರುತಿಸಿತು.

21. ಬಳ್ಳಾರಿ ಜಾಲಿಯ ತವರು ಬಳ್ಳಾರಿಯಲ್ಲ, ಅಮೆರಿಕ ಖಂಡ. ಗುಜರಾತಿನ ಕಛ್‌ನಲ್ಲಿರುವ ಬನ್ನಿ ಹುಲ್ಲುಗಾವಲಿನಲ್ಲಿ, ಉಪ್ಪು ಹರಡದಿರಲಿ ಎಂದು 1961ರಲ್ಲಿ ಇದನ್ನು ನೆಟ್ಟರು. ಸಿಹಿ ಕಾಯಿಯನ್ನು ಪ್ರಾಣಿಗಳು ತಿಂದವು. ಹೊಟ್ಟೆಯೊಳಗೆ ಸಿಪ್ಪೆ ಮೆತ್ತಗಾದ ಬೀಜ ಸಗಣಿಯ ಗೊಬ್ಬರದ ಸಮೇತ ಹೊಸ ಜಾಗದಲ್ಲಿ ಬಿತ್ತು. ಹುಲ್ಲಿನ ಬಯಲಿನ ದೊಡ್ಡ ಭಾಗ ಇಂದು ಮುಳ್ಳಿನ ಕಾಡು. ತನ್ನ ಮೇವನ್ನು ತಾನೇ ಕಳೆಯುವ ಬೀಜವನ್ನು ದನವೇ ಬಿತ್ತಿತು.

ನಿಂತವರು, ನಡೆದವರು

22. ಮೇವಿನ ನಾಡಿನಲ್ಲಿ ಕೊಳವೆಬಾವಿ ಕೊರೆಸಿದ್ದೇ ಕೇಡಾದದ್ದುಂಟು. 1968–73ರ ಬರದಲ್ಲಿ ಆಫ್ರಿಕಾದ ಸಾಹೆಲ್ ಸೀಮೆಯಲ್ಲಿ ದನಗಳು ಬಾವಿಗಳ ಸುತ್ತ ಮುತ್ತಿಕೊಂಡವು. ಹಿಂದೆ ನೀರು ಬತ್ತಿದ ಕೂಡಲೇ ಮಂದೆ ಜಾಗ ಬಿಡುತ್ತಿತ್ತು. ಈಗ ನೀರಿತ್ತು, ಸುತ್ತಲಿನ ಹುಲ್ಲು ಮುಗಿದಿತ್ತು. ನೀರಿನ ಪಕ್ಕದಲ್ಲೇ ದನಗಳು ಹಸಿವಿನಿಂದ ಸತ್ತವು. ಇಂಥ ಬಾವಿಗಳ ಸುತ್ತ ಬೋಳಾದ ನೆಲದ ಬಳೆ ಉಪಗ್ರಹ ಚಿತ್ರದಲ್ಲೂ ಕಾಣುತ್ತದೆ.

23. ಒಂದೇ ಹುಲ್ಲುಗಾವಲು, ಮೂರು ದೇಶ, ಮೂರು ಪದ್ಧತಿ. ಮಂಗೋಲಿಯಾ, ಚೀನಾ, ರಷ್ಯಾಗಳ ಗಡಿಸೀಮೆಯ ಉಪಗ್ರಹ ಚಿತ್ರಗಳನ್ನು ಮಾನವಶಾಸ್ತ್ರಜ್ಞ ಡೇವಿಡ್ ಸ್ನೀತ್ 1998ರಲ್ಲಿ ಹೋಲಿಸಿದರು. ದನಗಾಹಿಗಳು ಒಟ್ಟಾಗಿ ವಲಸೆ ಹೋಗುತ್ತಿದ್ದ ಮಂಗೋಲಿಯಾದಲ್ಲಿ ಕೆಟ್ಟ ನೆಲ ಹತ್ತರಲ್ಲೊಂದು ಪಾಲು. ಮನೆಮನೆಗೆ ನೆಲ ಹಂಚಿದ್ದ ಚೀನಾದ ಭಾಗದಲ್ಲಿ ಮೂರರಲ್ಲೊಂದಕ್ಕೂ ಹೆಚ್ಚು. ಸರ್ಕಾರಿ ಸಮೂಹ ಫಾರಂಗಳಲ್ಲಿ ನೆಲೆನಿಲ್ಲಿಸಿದ್ದ ರಷ್ಯಾದಲ್ಲಿ ಸುಮಾರು ಮುಕ್ಕಾಲು ಪಾಲು.

24. ಸ್ಪೇನಿನಲ್ಲಿ ಕುರಿಗಳಿಗೆ ರಾಜಮಾರ್ಗವಿದೆ. 1273ರಲ್ಲಿ ದೊರೆ ಹತ್ತನೆಯ ಅಲ್ಫಾನ್ಸೊ ಮನ್ನಣೆ ಕೊಟ್ಟ 'ಮೆಸ್ತಾ' ಎಂಬ ಕುರಿಗಾರರ ಕೂಟ 1836ರವರೆಗೆ ಬಾಳಿತು. ಅವರ ದೊಡ್ಡ ದಾರಿಗಳ ಅಗಲ ಸುಮಾರು 75 ಮೀಟರ್. ಉಣ್ಣೆಗೆ ಅಂಟಿದ ಬೀಜಗಳು ಈ ದಾರಿಗುಂಟ ನೂರಾರು ಕಿಲೋಮೀಟರ್ ಪಯಣಿಸುತ್ತವೆ. ಹಳೆಯ ಹಕ್ಕನ್ನು ನೆನಪಿಸಲು 1994ರಿಂದ ಶರತ್ಕಾಲದಲ್ಲಿ ಕುರಿಮಂದೆ ಮ್ಯಾಡ್ರಿಡ್ ನಗರದ ನಡುಬೀದಿಯಲ್ಲಿ ನಡೆಯುತ್ತದೆ.

25. ಎಲ್ಲರ ಹುಲ್ಲುಗಾವಲು ಯಾರದ್ದೂ ಅಲ್ಲದೆ ಹಾಳಾಗಿಯೇ ತೀರುತ್ತದೆ ಎಂದು ಅಮೆರಿಕದ ಪರಿಸರವಿಜ್ಞಾನಿ ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದರು. ಸ್ವಿಟ್ಜರ್ಲೆಂಡಿನ ಟೋರ್ಬೆಲ್ ಎಂಬ ಹಳ್ಳಿಯವರು ಅದಕ್ಕೆ 451 ವರ್ಷ ಮೊದಲೇ ಉತ್ತರ ಬರೆದಿಟ್ಟಿದ್ದರು. ಚಳಿಗಾಲದಲ್ಲಿ ತಾನು ಎಷ್ಟು ಹಸುಗಳಿಗೆ ಮೇವು ಒದಗಿಸಬಲ್ಲನೋ ಅಷ್ಟನ್ನು ಮಾತ್ರ ಬೇಸಿಗೆಯಲ್ಲಿ ಊರ ಹುಲ್ಲುಗಾವಲಿಗೆ ಬಿಡಬೇಕೆಂಬುದು 1517ರ ಅವರ ಕಟ್ಟಳೆ. ಇಂಥ ಊರುಗಳನ್ನು ಅಧ್ಯಯನ ಮಾಡಿದ ಎಲಿನರ್ ಆಸ್ಟ್ರಮ್ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

26. ಐಸ್‌ಲ್ಯಾಂಡ್ ಎಂದರೆ ಬೋಳುನೆಲದ ಚಿತ್ರ ಕಣ್ಣಿಗೆ ಬರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಜನ ನೆಲೆಸಲು ಬಂದಾಗ ಅಲ್ಲಿ ಕಾಲು ಭಾಗದಷ್ಟಾದರೂ ಬರ್ಚ್ ಮರಗಳಿದ್ದವು ಎಂದು ಅಂದಾಜು. ಕೊಡಲಿ ಮರ ಕಡಿಯಿತು, ಕುರಿ ಸಸಿ ತಿಂದಿತು. ಜ್ವಾಲಾಮುಖಿ ಬೂದಿಯ ಹಗುರ ಮಣ್ಣನ್ನು ಗಾಳಿ ಹೊತ್ತೊಯ್ದಿತು. ಜಗತ್ತಿನ ಅತಿ ಹಳೆಯ ಮಣ್ಣು ಸಂರಕ್ಷಣಾ ಇಲಾಖೆಗಳಲ್ಲೊಂದು 1907ರಲ್ಲಿ ಹುಟ್ಟಿದ್ದು ಅಲ್ಲಿಯೇ.

27. 1935ರ ಏಪ್ರಿಲ್ 14, ಭಾನುವಾರ. ಅಮೆರಿಕದ ಬಯಲುಸೀಮೆಯಲ್ಲಿ ಎದ್ದ ದೂಳು ಹಗಲನ್ನೇ ರಾತ್ರಿ ಮಾಡಿತು. 'ಡಸ್ಟ್ ಬೌಲ್' ಎಂದು ಹೆಸರಾದ ಆ ದೂಳಿನ ಕಾಲಕ್ಕೆ ಮುಖ್ಯ ಕಾರಣ ಹುಲ್ಲುಗಾವಲನ್ನು ಉತ್ತು ಗೋಧಿ ಬಿತ್ತಿದ್ದು, ಅದರ ಮೇಲೆ ಬಂದ ಬರ. ಅತಿಮೇವಿನ ಪಾಲೂ ಇತ್ತು. ಸರ್ಕಾರಿ ಹುಲ್ಲುಗಾವಲಿನಲ್ಲಿ ಮೇಯಿಸಲು ಪರವಾನಗಿ ಬೇಕೆಂಬ ಟೇಲರ್ ಕಾಯ್ದೆ ಬಂದದ್ದು ಅದರ ಹಿಂದಿನ ವರ್ಷ, 1934ರಲ್ಲಿ.

ಬೇಲಿ ಹಾಕಿ ಬಿಟ್ಟರೆ?

28. ಮೇಯುವವರನ್ನು ಪೂರ್ತಿ ಹೊರಗಿಟ್ಟರೂ ಮಣ್ಣಿಗೆ ಒಳಿತೇ ಆಗುತ್ತದೆಂದು ಹೇಳುವಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರೇ ಸ್ಪಿತಿಯಲ್ಲಿ ಕೆಲವು ತುಂಡು ನೆಲಕ್ಕೆ ಬೇಲಿ ಹಾಕಿ, ಪಕ್ಕದ ತುಂಡುಗಳನ್ನು ಯಾಕ್, ಐಬೆಕ್ಸ್‌ಗಳಿಗೆ ಬಿಟ್ಟು 16 ವರ್ಷ ಅಳೆದರು. ಬೇಲಿಯೊಳಗಿನ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ನೂರಕ್ಕೆ 30–40ರಷ್ಟು ಹೆಚ್ಚು ಏರಿಳಿಯಿತು. 2022ರಲ್ಲಿ ಇದು ಪ್ರಕಟವಾಯಿತು. ಮೇಯುವ ಬಾಯಿ ಇದ್ದ ಕಡೆ ಇಂಗಾಲ ಸ್ಥಿರವಾಗಿತ್ತು.

29. ಸೆರೆಂಗೆಟಿಯ ಮಣ್ಣನ್ನು ಉಳಿಸಿದ್ದರಲ್ಲಿ ಒಂದು ಲಸಿಕೆಯ ಪಾಲಿದೆ. ದನಗಳ ರಿಂಡರ್‌ಪೆಸ್ಟ್ ರೋಗ ಅಲ್ಲಿನ ವೈಲ್ಡ್‌ಬೀಸ್ಟ್‌ಗಳನ್ನೂ ಕೊಲ್ಲುತ್ತಿತ್ತು. ಸುತ್ತಲಿನ ದನಗಳಿಗೆ ಲಸಿಕೆ ಹಾಕಿದ ಮೇಲೆ, 1960ರ ದಶಕದ ಆರಂಭದಲ್ಲಿ ಎರಡೂವರೆ ಲಕ್ಷದ ಆಸುಪಾಸಿನಲ್ಲಿದ್ದ ವೈಲ್ಡ್‌ಬೀಸ್ಟ್‌ಗಳು 1970ರ ದಶಕದ ಕೊನೆಗೆ 13 ಲಕ್ಷದಷ್ಟಾದವು. ಬೆಂಕಿಗೆ ಆಹುತಿಯಾಗುತ್ತಿದ್ದ ಹುಲ್ಲು ಅವುಗಳ ಹೊಟ್ಟೆ ಸೇರಿ ಗೊಬ್ಬರವಾಗಿ ನೆಲಕ್ಕೆ ಮರಳಿತು. ಕಾಳ್ಗಿಚ್ಚು ತಗ್ಗಿತು, ಮರಗಳು ಹೆಚ್ಚಿದವು. ರಿಂಡರ್‌ಪೆಸ್ಟ್ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಘೋಷಣೆಯಾಯಿತು.

30. ಹುಲ್ಲುಗಾವಲು ಹಾಳಾಗಲು ಆನೆಗಳೇ ಕಾರಣವೆಂದು ತಿಳಿದು, 40,000 ಆನೆಗಳನ್ನು ಕೊಲ್ಲಿಸಿದ ತೀರ್ಮಾನದಲ್ಲಿ ತಾನೂ ಇದ್ದೆ, ಅದರಿಂದ ನೆಲ ಇನ್ನಷ್ಟು ಹಾಳಾಯಿತು ಎಂದು ಜಿಂಬಾಬ್ವೆಯ ಅಲನ್ ಸೇವರಿ 2013ರ ಭಾಷಣವೊಂದರಲ್ಲಿ ಒಪ್ಪಿಕೊಂಡರು. ಅವರು ಈಗ ಹೇಳುವುದು ಇದಕ್ಕೆ ತದ್ವಿರುದ್ಧ: ದೊಡ್ಡ ಮಂದೆಯನ್ನು ಒತ್ತೊತ್ತಾಗಿ, ಬೇಗ ಬೇಗ ಸಾಗಿಸಿದರೆ ಮರುಭೂಮಿಯೂ ಹಸಿರಾಗುತ್ತದೆ. ಆದರೆ ಸರದಿ ಮೇವಿನ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ನೋಡಿದ 2008ರ ವಿಮರ್ಶೆಯೊಂದು, ನಿರಂತರ ಮೇವಿಗಿಂತ ಅದು ಮೇಲೆಂದು ಆ ಪ್ರಯೋಗಗಳಿಂದ ಸಾಬೀತಾಗುವುದಿಲ್ಲ ಎಂದಿತು. ಚೌಕಟ್ಟು ಹಾಕಿದ ಪ್ರಯೋಗದಲ್ಲಿ ಕಾಯುವವನ ಕಣ್ಣಳತೆಗೆ ಜಾಗವಿಲ್ಲ ಎಂಬುದು ಸೇವರಿ ಬೆಂಬಲಿಗರ ವಾದ. ಜಗಳ ಇನ್ನೂ ಮುಗಿದಿಲ್ಲ.

31. ಚೆನ್ನಾಗಿ ಮೇಯಿಸಿದರೆ ಮಣ್ಣು ಇಂಗಾಲ ಹಿಡಿಯುತ್ತದೆ, ನಿಜ. ಅದು ದನದ ತೇಗಿನ ಮೀಥೇನನ್ನು ಸರಿದೂಗಿಸುತ್ತದೆಯೇ? ಆಕ್ಸ್‌ಫರ್ಡ್‌ನ ಸಂಶೋಧಕರ ನೇತೃತ್ವದ 2017ರ ವರದಿಯ ಪ್ರಕಾರ, ಅನುಕೂಲದ ಸ್ಥಿತಿಯಲ್ಲೂ ಅದು ಮೇಯುವ ಪ್ರಾಣಿಗಳ ಹೊರಸೂಸುವಿಕೆಯ ನೂರಕ್ಕೆ 20ರಿಂದ 60ರಷ್ಟನ್ನು ಮಾತ್ರ ಸರಿದೂಗಿಸಬಲ್ಲದು. ಅದೂ ಮಣ್ಣು ತುಂಬುವವರೆಗಿನ ಕೆಲವು ದಶಕಗಳ ಮಟ್ಟಿಗೆ.

ನಮ್ಮ ಕಾವಲುಗಳು

32. ಮೈಸೂರು ಸೀಮೆಯಲ್ಲಿ ಸರದಿ ಮೇವು ಹಳೆಯ ಸಂಗತಿ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಗೆ ಟಿಪ್ಪು ಸುಲ್ತಾನ್ 'ಅಮೃತ ಮಹಲ್' ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಈ ದನಗಳ ಕಾವಲುಗಳನ್ನು ಮಳೆಗಾಲದವು, ಚಳಿಗಾಲದವು, ಬೇಸಿಗೆಯವು ಎಂದು ಮೂರು ಬಗೆ ಮಾಡಿದ್ದರು. ಒಂದರಲ್ಲಿ ದನ ಇದ್ದಾಗ ಇನ್ನೆರಡು ಕಾವಲುಗಳ ಬೇರು ಚೇತರಿಸಿಕೊಳ್ಳುತ್ತಿತ್ತು. ಫ್ರಾನ್ಸಿನ ವಾಸಾಂ ಬರೆದದ್ದಕ್ಕಿಂತ ಎಷ್ಟೋ ಮೊದಲಿನ ಮಾತಿದು.

33. ಹುಲ್ಲಿನ ಬಯಲನ್ನು 'ಬಂಜರು' ಎಂದು ಬರೆದುಕೊಂಡದ್ದರಿಂದ ಆದ ನಷ್ಟ ದನದಿಂದ ಆದದ್ದಕ್ಕಿಂತ ಸಣ್ಣದೇನಲ್ಲ. ಕೃಷ್ಣಮೃಗಗಳಿಗೆಂದು 1974ರಲ್ಲಿ ಅಭಯಾರಣ್ಯವಾದ ರಾಣೆಬೆನ್ನೂರಿನ ಹುಲ್ಲುಬಯಲಿನ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ನೆಡಲಾಗಿತ್ತು. ಚಳ್ಳಕೆರೆಯ ಅಮೃತ ಮಹಲ್ ಕಾವಲಿನ ಸಾವಿರಾರು ಎಕರೆ 2010ರ ಆಸುಪಾಸಿನಲ್ಲಿ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹಂಚಿಹೋಯಿತು. ಕಾವಲು ಕಿರಿದಾದಷ್ಟೂ ಉಳಿದ ತುಂಡಿನ ಮೇಲೆ ಬಾಯಿಗಳು ಹೆಚ್ಚುತ್ತವೆ, ಬಿಡುವಿನ ದಿನಗಳು ಕಡಿಮೆಯಾಗುತ್ತವೆ.

34. 1966ರ ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಹಳ್ಳಿಯ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ಅಂದರೆ ತಲೆಗೆ ಸುಮಾರು 12 ಗುಂಟೆ. ನಿಮ್ಮೂರ ದನಗಳನ್ನು ಎಣಿಸಿ, ಪಹಣಿ ತೆಗೆಸಿ, ಗುಣಿಸಿ ನೋಡಿ.

35. 2026 ವಿಶ್ವಸಂಸ್ಥೆ ಸಾರಿದ ಹುಲ್ಲುಗಾವಲು ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ. ಈ ಪ್ರಸ್ತಾವದ ಮುಂದಾಳು ಮಂಗೋಲಿಯಾ. ಭೂಮಿಯ ನೆಲಭಾಗದ ಸರಿಸುಮಾರು ಅರ್ಧದಷ್ಟು ಇಂಥ ಬಯಲೇ.

36. ಕೊನೆಗೊಂದು ಮನೆಗೆಲಸ. ಒಂದು ಗೇಣಿನಷ್ಟು ಅಗಲದ ಡಬ್ಬಿಯ ತಳ ಕತ್ತರಿಸಿ. ಗೋಮಾಳಕ್ಕೆ ಹೋಗಿ ಅದನ್ನು ಮೂರು ಅಂಗುಲ ಮಣ್ಣಿಗೆ ಬಡಿದಿಳಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಒಂದು ಅಂಗುಲ ನೀರು ಹೊಯ್ಯಿರಿ. ಹಾಳೆಯನ್ನು ಮೆಲ್ಲಗೆ ಎಳೆದು, ನೀರು ಇಂಗಲು ಹಿಡಿದ ಹೊತ್ತನ್ನು ಗಡಿಯಾರದಲ್ಲಿ ನೋಡಿ. ಅಲ್ಲೇ ಇನ್ನೊಮ್ಮೆ ಹೊಯ್ದು ಎರಡನೆಯ ಹೊತ್ತನ್ನು ಬರೆದುಕೊಳ್ಳಿ. ಆಮೇಲೆ ದನ ದಿನವೂ ನಡೆಯುವ ಹಾದಿಯಲ್ಲಿ ಒಂದು ಸಲ, ಬೇಲಿಯೊಳಗೆ ದನ ಹೋಗದ ಹುಲ್ಲಿನಲ್ಲಿ ಒಂದು ಸಲ, ಹೋದ ವರ್ಷ ಕುರಿ ತರುಬಿದ ಹೊಲದಲ್ಲಿ ಒಂದು ಸಲ ಹೀಗೇ ಮಾಡಿ. ನಾಲ್ಕು ಜಾಗ, ನಾಲ್ಕು ಅಂಕಿ. ಆ ಚೀಟಿಯನ್ನು ಊರಿನ ಹಳೆಯ ಕುರಿಗಾಹಿಯೊಬ್ಬರಿಗೆ ತೋರಿಸಿ ಕೇಳಿ: ಯಾವ ಅಂಕಿ ಯಾವ ಜಾಗದ್ದೆಂದು ಅವರು ನೋಡಿದ ಕೂಡಲೇ ಹೇಳಿದರೆ ಆಶ್ಚರ್ಯಪಡಬೇಡಿ.